ಕೈತಪ್ಪಿದ ವಿಮಾನ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಯಾರೋ ಭಾವ, ಭಾಮೈದ ಕೂತಿದ್ದರು. ಭಾಮೈದನ ತೊಡೆಯ ಮೇಲೆ ಮಾದರಿ ವಿಮಾನ ಹಾರಿಸುವ ರಿಮೋಟ್. ಇಬ್ಬರ ಕಣ್ಣೂ ಕಿಟಕಿಯಾಚೆ, ಆಕಾಶದಲ್ಲಿ.

"ಶಾಲೆ ಕಡೆಗೇ ಹೋಯ್ತಾ?"

"ಹೂಂ ಭಾವ. ರಿಮೋಟಿನ ಮಾತೇ ಕೇಳ್ಲಿಲ್ಲ."

"ಸಿಗ್ನಲ್ ತಪ್ಪಿದ್ರೆ ಎಂಜಿನ್ ತಾನಾಗೇ ನಿಲ್ಲಬೇಕಲ್ಲೋ?"

"ಅದನ್ನ ನಾನೇ ತೆಗೆದುಬಿಟ್ಟಿದ್ದೆ. ಹೋದ್ಸಲ ಹಾಗೆ ನಿಂತೇ ಬಿದ್ದು ಮುರೀತಲ್ಲ, ಹೊಟ್ಟೆ ಉರಿದುಹೋಗಿತ್ತು."

"ಪೆಟ್ರೋಲು?"

"ಟ್ಯಾಂಕ್ ತುಂಬ ಇದೆ."

"ಮಕ್ಕಳು ಈಗ ಮೈದಾನದಲ್ಲಿರ್ತಾರೆ ಕಣೋ. ಶಾಲೆಯವರು ಫೋನ್ ಎತ್ತಿದ್ರಾ?"

"ಇಲ್ಲ."

"ವಿಮಾನದ ಮೇಲೆ ನಿನ್ನ ನಂಬರ್ ಇದೆಯಾ?"

"ರೆಕ್ಕೆ ಮೇಲೆ ಬರೆದಿದ್ದೀನಿ. ಎಲ್ಲಾದ್ರೂ ಬಿದ್ರೆ ಸಿಕ್ಕಿದವರು ತಿಳಿಸಲಿ ಅಂತ."

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಗುರುತಿಲ್ಲದ ನಂಬರ್.

"ಎತ್ತೋ."

"ನೀವೇ ಎತ್ತಿ ಭಾವ."

ಶಾಲೆಯ ಸ್ಟಾಪ್ ಬಂತು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಇಬ್ಬರೂ ಅದನ್ನು ಎತ್ತದೆಯೇ ಇಳಿದರು.