ಹದಿನೇಳನೇ ಡ್ರಮ್ಮಿನ ಪುಡಿ

ನಗುವವರು ಈಗಲೇ ನಕ್ಕುಬಿಡಿ. ಹತ್ತಾರು ದೇಶಗಳ ಹೋಟೆಲುಗಳಲ್ಲಿ ಒಬ್ಬಳೇ ಮಲಗಿದವಳು ನಾನು. ತಿಗಣೆ ಬಿಟ್ಟರೆ ಬೇರೇನೂ ಕಾಡಿದ್ದಿಲ್ಲ. ಆದರೆ ಇದು ನನ್ನ ಚಿಕ್ಕಮ್ಮನ ಮಗಳು ತ್ರಿಶಲಾಗೆ ಆದದ್ದು. ಖರೇ.

ಆ ರಾತ್ರಿ ಬೆಳಗಾವಿಯಿಂದ ಕಡೆಯ ಬಸ್ಸಿಗೆ ಬಂದು ಖಾನಾಪುರದಲ್ಲಿ ಇಳಿದಳು. ಹಾಳುಬಾವಿಯ ದಾರಿ. ಕರೆಂಟಿಲ್ಲ. ಹಿಂದಿನಿಂದ ಸದ್ದು... ಸರಕ್, ಸರಕ್... ಜರಡಿ ಆಡಿಸುವ ಸದ್ದು. ನಿಂತಳು. ಅದೂ ನಿಂತಿತು.

ಆ ಸದ್ದು ಅವಳಿಗೆ ಗೊತ್ತು. ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಪುಡಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. ಕಾಳು ಸಾಸಿವೆಯ ಹಾಗೆ ದುಂಡಗೆ, ಬಿಡಿಬಿಡಿಯಾಗಿರಬೇಕು. ಮೈಗೆ ಹಿಟ್ಟಿನಂಥ ದೂಳು ಅಂಟಿದ್ದರೆ ಆ ಡ್ರಮ್ಮು ಜರಡಿಗೆ ಹೋಗಕೂಡದು. ಒಂದು ಕಿಡಿ ಸಾಕು. ಜರಡಿಯ ಯಲ್ಲೇಶ ಪ್ರತಿ ಡ್ರಮ್ಮಿನಿಂದ ಒಂದು ಬಾಟ್ಲಿ ಪುಡಿ ತರುವನು. ಆಮೇಲೆ ಕೇಳಿಯೇ ಕೆಲಸಕ್ಕೆ ಕೈಹಾಕುವನು: "ನೋಡಿದ್ರೇನ್ರೀ, ಅಕ್ಕಾರ?"

ಹದಿನೇಳನೇ ಡ್ರಮ್ಮಿನದನ್ನು ಅವಳು ನೋಡಲಿಲ್ಲ. ಮದುವೆಗೆ ಹೋಗುವ ಅವಸರ. ವರದಿಗೆ ಹದಿನಾರರ ಫೋಟೊವನ್ನೇ ಅಂಟಿಸಿ, ಬಾಟ್ಲಿ ಅವನ ಕೈಗೇ ವಾಪಸು ಕೊಟ್ಟಳು. "ನೋಡೇನಿ, ಹೋಗೋ ಮಾರಾಯಾ."

ಸಂಜೆ ಜರಡಿ ಹೊತ್ತಿಕೊಂಡಿತು. ಯಲ್ಲೇಶ, ಡ್ರಮ್ಮು, ಬಾಟ್ಲಿ... ಯಾವುದೂ ಉಳಿಯಲಿಲ್ಲ. ಬೀಡಿ ಸೇದಿ ತಾನೇ ಬೆಂಕಿ ತಗುಲಿಸಿದ ಎಂದು ಕಂಪನಿಯವರು ಬರೆದರು. ಬೀಡಿ ಮುಟ್ಟಿದ ಮನುಷ್ಯನೇ ಅಲ್ಲ ಅವನು! ತ್ರಿಶಲಾ ಬಸ್ಸಿಳಿದ ಆ ರಾತ್ರಿಯ ಮರುದಿನವೇ ವಿಚಾರಣೆ. ಪುಡಿ ಸರಿಯಿತ್ತು ಎಂದು ತ್ರಿಶಲಾ ಸಹಿ ಹಾಕಿದರೆ ಮುಗಿಯಿತು, ತಪ್ಪೆಲ್ಲ ಸತ್ತವನದು.

ಬಾವಿಯ ಬಳಿ ಪಿಸುದನಿ:

"ನೋಡಿದ್ರೇನ್ರೀ... ಅಕ್ಕಾರ?"

ಅವಳು ತಿರುಗಿ ನೋಡದೆಯೇ ಅಂದಳು: "ಇಲ್ಲೋ ಯಲ್ಲೇಶಾ... ನೋಡಿಲ್ಲ."

"ಹಂಗಾರ... ಈಗ ನೋಡ್ರಿ."

ಟಕ್. ಬಾವಿಕಟ್ಟೆಯ ಕಲ್ಲಿನ ಮೇಲೆ ಗಾಜು ಇಟ್ಟ ಸದ್ದು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ, ಕಟ್ಟೆಯ ಮೇಲೆ ಸಿಕ್ಕ ಬಾಟ್ಲಿಯಿಂದ ಚಿಟಿಕೆ ಪುಡಿಯನ್ನು ಯಂತ್ರದೊಳಗಿಟ್ಟಳು. ಪಂಪು ಗುಂಯ್... ಎಂದು ಗಾಳಿಯನ್ನೆಲ್ಲ ಎಳೆದುಕೊಂಡಿತು. ಪರದೆ ಬೆಳಗಿತು. ಒಂದೊಂದು ಕಾಳಿನ ಮೈತುಂಬ ದೂಳು.

ಆ ಫೋಟೊ ಹಿಡಿದುಕೊಂಡೇ ವಿಚಾರಣೆಗೆ ಹೋಗಿ, ತನ್ನ ಸುಳ್ಳನ್ನೂ ಒಪ್ಪಿಕೊಂಡಳು.

"ಸುಟ್ಟುಹೋದ ಡ್ರಮ್ಮಿನ ಪುಡಿ ನಿಮಗೆಲ್ಲಿ ಸಿಕ್ತರೀ, ಬಾಯಾರ?" ಎಂದರು ವಿಚಾರಣೆಯ ಸಾಹೇಬರು.

"ಯಲ್ಲೇಶ ತಂದುಕೊಟ್ಟಾನ್ರಿ."

ಸಾಹೇಬರು ಪೆನ್ನು ಎತ್ತಿದರು... ಬರೆಯದೆ ಕೆಳಗಿಟ್ಟರು. ಬೀಡಿಯ ಮಾತನ್ನು ಮಾತ್ರ ಹೊಡೆದುಹಾಕಿದರು. ತ್ರಿಶಲಾಳ ಕೆಲಸ ಹೋಯಿತು.

ಉಳಿದ ಪುಡಿ ಯಾರಿಗೂ ಬೇಡವಾಯಿತು. ಅವಳ ಕಪಾಟಿನಲ್ಲೇ ಇದೆ. ನಂಬದಿದ್ದರೆ ಬಿಡಿ, ಹೋದ ವಾರ ಬಾಟ್ಲಿಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ನಾಲ್ಕು ತಿಂಗಳಾಯಿತು. ಇನ್ನೂ ಬಿಸಿಯಿದೆ.