ನಿಲ್ಲದೆ ಹೋದ ಹಳೇ ಕಾರು

ಶರಣರೇ, ದಾನ ಮಾಡುವುದು ಸುಲಭವೋ, ದಯೆ ತೋರುವುದು ಸುಲಭವೋ? ಎರಡೂ ಒಂದೇ ಅಲ್ಲವೇ ಅಂತೀರಿ. ಇರಲಿ, ಮೊದಲು ಒಬ್ಬ ಸಾಹುಕಾರನ ಸಂಗತಿ ಕೇಳಿ.

ಬೀದರಿನ ಕಡೆಯವನು, ಬೇಳೆ ಮಿಲ್ಲಿನ ಮಾಲೀಕ. ಹೆಸರು ಗುರುಶಾಂತಪ್ಪ ಎಂದಿಟ್ಟುಕೊಳ್ಳಿ. ಅವನ ಬಳಿ ತಂದೆಯ ಕಾಲದ ಒಂದು ಕಾರಿತ್ತು. ಉದ್ದ ಮೂತಿ, ಮುಖ ಕಾಣುವಂಥ ಕಪ್ಪು ಮೈ. ಮೊಮ್ಮಕ್ಕಳು ಮುಟ್ಟಿದರೂ ಧೋತರದ ಅಂಚಿನಿಂದ ಒರೆಸುತ್ತಿದ್ದ.

ಅವನ ಒಬ್ಬಳೇ ತಂಗಿ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಯ ಜೊತೆ ದವಾಖಾನೆಯಲ್ಲಿ ಕೂತಿದ್ದಾಗ ಅವನು ಕಣ್ಣಾರೆ ಕಂಡಿದ್ದ: ಬಡ ರೋಗಿಗಳು ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಾಗಿಲಲ್ಲೇ ಕುಸಿಯುತ್ತಿದ್ದರು. ಅಂಥವರಿಗೊಂದು ವಾಹನ ಕೊಡಿಸಬೇಕು ಎಂದು ಹಟ ಹಿಡಿದ. ಹಳೇ ಕಾರಿಗೆ ಹೊಸ ಸೀಟು ಹೊಲಿಸಿದ. ಬೀದರಿನಿಂದ ಕಾರವಾರದವರೆಗೆ ತಾನೇ ಓಡಿಸಿಕೊಂಡು, ಊರೂರಲ್ಲಿ ದೇಣಿಗೆ ಕೂಡಿಸುತ್ತ ಹೆಂಡತಿಯ ಜೊತೆ ಹೊರಟ. ಒಳ್ಳೆಯ ಕೆಲಸ, ಹೌದಲ್ಲವೇ? ನಾನೂ ಹೌದೆನ್ನುತ್ತೇನೆ.

ನರಗುಂದ ದಾಟಿದ ಮೇಲೆ ರಸ್ತೆಯಲ್ಲಿ ಒಬ್ಬ ಹೆಣ್ಣುಮಗಳು ಕೈ ಅಡ್ಡ ಮಾಡಿದಳು. ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡ ಮುದುಕಿ.

"ಅಣ್ಣಾರ, ಬಸ್ ಬರಲಿಲ್ರಿ. ಅವ್ವಗ ಕ್ಯಾನ್ಸರ್ ಐತ್ರಿ, ಹುಬ್ಬಳ್ಳಿ ದವಾಖಾನ್ಯಾಗ ಕರೆಂಟ್, ಅದ ರೇಡಿಯೇಶನ್, ಕೊಡಸೋದೈತಿ. ಇವತ್ತಿನ ಪಾಳಿ ತಪ್ಪಿದ್ರ ಕಷ್ಟ ಆಗ್ತೈತ್ರಿ."

ಗುರುಶಾಂತಪ್ಪ ಮುದುಕಿಯನ್ನು ನೋಡಿದ. ಆಮೇಲೆ ಸೀಟು ನೋಡಿದ. ನವಲಗುಂದದಲ್ಲಿ ಸನ್ಮಾನಕ್ಕೆ ಜನ ಬೇರೆ ಕಾಯುತ್ತಿದ್ದರು. "ಇನ್ನೊಂದು ಬಸ್ ಬರ್ತದವ್ವಾ," ಎಂದವನೇ ಕಾರು ಬಿಟ್ಟ.

ನೋಡಿ, ರೋಗಿಗಳ ವಾಹನಕ್ಕಾಗಿ ಹೊರಟವನು! ರೋಗಿಯನ್ನೇ ಬಿಟ್ಟು ಹೊರಟ!

ಸ್ವಲ್ಪ ದೂರ ಹೋದ ಮೇಲೆ ಹೆಂಡತಿ ಕೇಳಿದಳು, "ಏನ್ರೀ, ನಾವು ಯಾರ ಸಲುವಾಗಿ ಹೊಂಟೀವಿ?"

"ಸೀಟು ಹೊಸಾದದ. ಆಕಿ ವಾಂತಿ ಮಾಡಿದ್ರ?"

"ನಿಮ್ಮ ತಂಗಿ ನಿಮ್ಮ ತೊಡಿ ಮ್ಯಾಲೇ ಮಾಡಿದ್ಲಲ್ರೀ. ಅವತ್ತು ಏನಂದಿರಿ?"

ಅವತ್ತು ಅವನು ಏನೂ ಅಂದಿರಲಿಲ್ಲ. ತಂಗಿಯ ಬಾಯಿ ಒರೆಸಿ, ತಲೆ ಸವರಿದ್ದ. ಕಾರು ತಿರುಗಿಸಿದ.

ಮುದುಕಿ ಕಾರಿನಲ್ಲಿ ವಾಂತಿ ಮಾಡಿದಳು, ಮಾಡದೆ ಬಿಡಲಿಲ್ಲ. "ತಪ್ಪಾತ್ರೀ ಯಪ್ಪಾ," ಎಂದು ಕೈ ಮುಗಿದಳು. "ಇರಲಿ ಬಿಡವ್ವಾ, ತೊಳದ್ರ ಹೋಗ್ತದ," ಎಂದ ಆ ಸಾಹುಕಾರ. ನವಲಗುಂದದಲ್ಲಿ ಡೊಳ್ಳು ಬಾರಿಸುತ್ತಿದ್ದರು, ಹಾರ ಹಿಡಿದು ನಿಂತಿದ್ದರು. ಅವನು ನಿಲ್ಲಿಸಲಿಲ್ಲ. ಕಿಟಕಿಯಿಂದ ಕೈ ಮುಗಿದು ಮುಂದೆ ಹೋದ. ಪಾಳಿ ತಪ್ಪಲಿಲ್ಲ.

ಸಂಜೆ ಅವರಿಬ್ಬರನ್ನೂ ಕೂರಿಸಿಕೊಂಡೇ ನವಲಗುಂದಕ್ಕೆ ಮರಳಿದ. ಪೆಂಡಾಲ್ ಬಿಚ್ಚುತ್ತಿದ್ದರು. ಉಳಿದಿದ್ದ ನಾಲ್ಕಾರು ಮಂದಿ ಸಿಟ್ಟಾಗಿದ್ದರು. ನಡೆದದ್ದನ್ನು ಮುಚ್ಚಿಡದೆ ಹೇಳಿದ, ಮೊದಲು ಬಿಟ್ಟು ಹೋದದ್ದನ್ನೂ ಸೇರಿಸಿ. ಒಬ್ಬ ಮೇಷ್ಟ್ರು ಎದ್ದರು: "ನಾ ದಿನಾ ಹುಬ್ಬಳ್ಳಿಗೆ ಒಬ್ಬನೇ ಕಾರ್ ತಗೊಂಡು ಹೋಗ್ತೀನ್ರಿ. ಈ ಅವ್ವನ್ನ ನಾಳಿಂದ ನಾ ಕರಕೊಂಡು ಹೋಗ್ತೀನಿ." ಇನ್ನೊಬ್ಬ, "ನಂದೂ ಗಾಡಿ ಐತಿ," ಎಂದ.

ಅಲ್ಲಿಂದ ಮುಂದೆ ಗುರುಶಾಂತಪ್ಪ ಪ್ರತಿ ಊರಲ್ಲೂ ದೇಣಿಗೆಯ ಜೊತೆ, ರೋಗಿಗಳಿಗೆ ನಿಮ್ಮ ಗಾಡಿಯಲ್ಲಿ ಜಾಗ ಕೊಡಿ ಎಂದೂ ಕೇಳಿದ. ಕಾರವಾರ ಮುಟ್ಟಿದ, ಮುಂದೆ ವಾಹನವೂ ಬಂತು. ಆದರೆ ಅದು ಬರುವ ಮೊದಲೇ ಎಷ್ಟೋ ರೋಗಿಗಳು ಕೂತುಕೊಂಡು ದವಾಖಾನೆಗೆ ಹೋಗತೊಡಗಿದ್ದರು. ಆ ಮುದುಕಿ ಚಿಕಿತ್ಸೆ ಮುಗಿಸಿ ಗುಣವಾದಳು.

ಈಗ ನಿಮ್ಮನ್ನು ಕೇಳುತ್ತೇನೆ. ಇಲ್ಲಿಗೆ ಬರುವಾಗ ನಿಮ್ಮ ಗಾಡಿಯಲ್ಲಿ ಜಾಗವಿತ್ತೇ? ದಾರಿಯಲ್ಲಿ ಯಾರನ್ನು ಕಂಡಿರಿ? ಕಂಡೂ ಕಾಣದ ಹಾಗೆ ಬಂದಿರಾ? ಮಠಕ್ಕೆ ಅಕ್ಕಿ ಕೊಡುತ್ತೀರಿ, ಸಂತೋಷ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಒಂದು ಬಟ್ಟಲು ಗಂಜಿ ಕೊಟ್ಟಿರಾ? ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಓಣಿಯಲ್ಲಿ ಒಂದು ಮನೆಯ ಬಾಗಿಲು ತಟ್ಟಿ. "ನಾ ಆ ಕಡೆ ಹೊಂಟೀನಿ, ಬರ್ತೀರೇನು?" ಎಂದು ಕೇಳಿ. ಅಷ್ಟು ಸಾಕು. ಅಷ್ಟನ್ನಾದರೂ ಮಾಡಿ.