ಬಲ್ಬಿನ ಸುತ್ತ ಕಂಡ ಹೂವು

ಕಣ್ಣಿನ ಆಸ್ಪತ್ರೆಯಲ್ಲಿ ನನ್ನೆದುರಿನ ಬೆಂಚಿನ ಮೇಲೆ ಒಬ್ಬ ಅಜ್ಜಿ, ಪಕ್ಕದಲ್ಲಿ ಮೊಮ್ಮಗಳು. ಪೊರೆ ತೆಗೆಸಲು ಬಂದಿದ್ದ ಅಜ್ಜಿಯ ಕಣ್ಣಿಗೆ ಆಗಲೇ ಹನಿ ಹಾಕಿದ್ದರು. ಆದರೂ ಅವರು ಮೊಮ್ಮಗಳ ಹಳೇ ಜೀನ್ಸನ್ನು ತೊಡೆಯ ಮೇಲೆ ಹರವಿಕೊಂಡು, ಮೊಣಕಾಲಿನ ಹಳದಿ ತೇಪೆಯ ಮೇಲೆ ಕಸೂತಿ ಹಾಕುತ್ತಿದ್ದರು.

“ಅಜ್ಜೀ, ಕಣ್ಣು ಮಂಜಾಗಿಲ್ವಾ?” ಮೊಮ್ಮಗಳು ಕೇಳಿದಳು.

“ಆಗಿದೆ. ಆ ಬಲ್ಬಿನ ಸುತ್ತ ನೋಡು, ಎಷ್ಟೊಂದು ಬಣ್ಣದ ಎಸಳು! ಪೊರೆ ತೆಗೆದ್ಮೇಲೆ ಇದೆಲ್ಲ ಮಾಯ ಆಗುತ್ತಂತೆ. ಅಷ್ಟರೊಳಗೆ ಹೊಲಿದಿಟ್ಬಿಡ್ತೀನಿ.”

“ನಂಗೆ ಬರೀ ಬಲ್ಬು ಕಾಣುತ್ತೆ.”

“ಪಾಪ.”

“ಈ ಹಳದಿ ಬಟ್ಟೆ ಯಾವ್ದು?”

“ನಿಮ್ಮಮ್ಮನ ಮೊದಲ್ನೇ ಫ್ರಾಕು. ಕತ್ತರಿಸಿದೆ ಅಂತ ಹೇಳ್ಬೇಡ, ಬೈತಾಳೆ. ಕೆಂಪು ದಾರ ಪೋಣಿಸಿಕೊಡು.”

ಹುಡುಗಿ ಪೋಣಿಸಿಕೊಟ್ಟಳು. ಆಮೇಲೆ ಜೀನ್ಸಿನ ಕಾಲೊಳಗೆ ಕೈ ತೂರಿಸಿದಳು. ಕೈ ಮೊಣಕಾಲಿನ ಹತ್ತಿರ ನಿಂತಿತು.

“ತುಂಬಾ ಚೆನ್ನಾಗಿದೆ ಅಜ್ಜಿ.”

“ಸುಳ್ಳು ಹೇಳ್ಬೇಡ. ಮುಂದಿಂದೂ ಹಿಂದಿಂದೂ ಸೇರಿಸಿ ಹೊಲಿದ್ಬಿಟ್ಟಿದೀನಿ, ಅಲ್ವಾ?”

“ಹೂಂ. ಕಾಲು ತೂರಲ್ಲ. ಬಿಚ್ಲಾ?”

“ಮುಟ್ಬೇಡ. ನಾಳೆ ಪಟ್ಟಿ ತೆಗೆದ್ಮೇಲೆ ನಾನೇ ನೋಡ್ಕೊಂಡು ಒಂದೊಂದೇ ಹೊಲಿಗೆ ಬಿಚ್ತೀನಿ.”

“ಕಾಣ್ದಿದ್ರೆ?”

ಅಜ್ಜಿ ಬಲ್ಬಿನಿಂದ ಕಣ್ಣು ಕೀಳಲಿಲ್ಲ.

“ಕುಂಟ್ಕೊಂಡು ಓಡಾಡು.”

ಇಬ್ಬರೂ ನಕ್ಕರು, ಮೊಮ್ಮಗಳು ಸ್ವಲ್ಪ ತಡವಾಗಿ. ಅಷ್ಟರಲ್ಲಿ ನರ್ಸ್ ಕರೆದರು. ಅಜ್ಜಿ ಸೂಜಿಯನ್ನು ಹೂವಿನ ನಡುವೆ ಚುಚ್ಚಿಟ್ಟು, ಮೊಮ್ಮಗಳ ತೋಳು ಹಿಡಿದು ಎದ್ದರು. ಎರಡು ಹೆಜ್ಜೆ ಇಟ್ಟವರು ನಿಂತರು.

“ಸೂಜಿಯಿಂದ ಆ ದಾರ ತೆಗೆದ್ಬಿಡು. ನಾಳೆ ನಾನೇ ಪೋಣಿಸ್ತೀನಿ.”